ಟೇಬಲ್‌ಟಾಪ್ ರೋಲ್‌ಪ್ಲೇ ನಿಯಮಗಳ ವಿಡಿಯೊ ಗೇಮ್ ರೂಪಾಂತರ

ಟೇಬಲ್‌ಟಾಪ್ ರೋಲ್‌ಪ್ಲೇ ಆಟ ಎಂದರೆ ನಾಲ್ಕಾರು ಜನ ಮೇಜಿನ ಸುತ್ತ ಕುಳಿತು ದಾಳ, ಕಾಗದ, ಪೆನ್ಸಿಲು ಮತ್ತು ಮಾತಿನ ಬಲದಿಂದ ಆಡುವ ಕಥೆಯಾಟ. ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬರು ಮಾತ್ರ ಗೇಮ್ ಮಾಸ್ಟರ್ ಆಗಿ ಲೋಕವನ್ನೂ ಶತ್ರುಗಳನ್ನೂ ನಡೆಸುತ್ತಾರೆ, ನಿಯಮ ತೊಡಕಾದಲ್ಲಿ ತೀರ್ಪು ಕೊಡುತ್ತಾರೆ. ಇಂಥ ಆಟದ ನಿಯಮಾವಳಿಯನ್ನು ಕಂಪ್ಯೂಟರಿಗೆ ಅಳವಡಿಸುವ ಕೆಲಸ 1975ರಿಂದ ನಡೆದುಬಂದಿದೆ. ಕಂಪ್ಯೂಟರಿಗೆ ಲೆಕ್ಕ ಸುಲಭ, ತೀರ್ಪು ಕಷ್ಟ. ಈ ರೂಪಾಂತರಗಳ ಚರಿತ್ರೆಯ ಬಹುಪಾಲು ಈ ಒಂದು ತೊಡಕಿನ ಸುತ್ತಲೇ ಇದೆ. ಪುಸ್ತಕದ ಅಂಕಿಗಳು ಪರದೆಯ ಮೇಲೆ ಹಾಗೆಯೇ ಬಂದರೆ ಮೂಲಕ್ಕೆ ನಿಷ್ಠೆ ತೋರಿದಂತಾಯಿತು ಎಂಬ ಎಣಿಕೆ ವ್ಯಾಪಕವಾಗಿದೆ. ಆದರೆ ಪ್ರತಿ ನಿಯಮವೂ ಆಟಗಾರನ ಮುಂದೆ ಒಂದು ಆಯ್ಕೆಯನ್ನಿಡುತ್ತದೆ. ಆ ಆಯ್ಕೆ ಉಳಿಯಿತೋ ಇಲ್ಲವೋ ಎಂಬುದೇ ಸರಿಯಾದ ಅಳತೆಗೋಲು.

ಮೂಲ ಆಟದ ಸ್ವರೂಪ

ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಮುಂದೆ ಡಿ ಅಂಡ್ ಡಿ). ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಇದನ್ನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದ ಟಿಎಸ್‌ಆರ್ ಸಂಸ್ಥೆ 1974ರಲ್ಲಿ ಪ್ರಕಟಿಸಿತು. ಗೊಂಬೆಸೈನ್ಯಗಳ ಯುದ್ಧದಾಟದಿಂದ ಬೆಳೆದು ಬಂದ ಆಟವಾದ್ದರಿಂದ ಕಾಳಗದ ನಿಯಮಗಳಲ್ಲಿ ಲೆಕ್ಕ ದಟ್ಟವಾಗಿದೆ, ಉಳಿದ ಕಡೆ ಮಾತಿಗೆ ಜಾಗ ಬಿಟ್ಟಿದೆ.

ಕನ್ನಡ ಓದುಗರು ತಾಳಮದ್ದಳೆಯನ್ನು ನೆನೆದರೆ ಇದು ಬೇಗ ಮನದಟ್ಟಾಗುತ್ತದೆ. ಅಲ್ಲಿ ಪ್ರಸಂಗದ ಪದ್ಯ ಗೊತ್ತುಪಡಿಸಿದ್ದು, ಅರ್ಥಧಾರಿ ಆಡುವ ಮಾತು ಆ ಹೊತ್ತಿನದು, ಎದುರಾಳಿಯ ವಾದ ಹೇಗೆ ತಿರುಗುತ್ತದೋ ಹಾಗೆ ತಿರುಗುವಂಥದು. ರೋಲ್‌ಪ್ಲೇ ಆಟದ ನಿಯಮಪುಸ್ತಕವೂ ಪ್ರಸಂಗದಂತೆ ಅರ್ಧ ಮಾತ್ರ. ಬಾಗಿಲ ಹಿಂದೆ ಕಾವಲುಗಾರನಿದ್ದಾನೆ ಎಂದು ಪುಸ್ತಕ ಹೇಳುತ್ತದೆ. ಆತನ ಕೈಗೆ ಲಂಚ ಕೊಡಬಹುದೇ, ಆತನ ತಾಯಿಯ ಹೆಸರೆತ್ತಿ ನಂಬಿಸಬಹುದೇ ಎಂಬುದನ್ನು ಮೇಜಿನ ಮೇಲೆ ಆಗಲೇ ತೀರ್ಮಾನಿಸುತ್ತಾರೆ. ಕಂಪ್ಯೂಟರಿಗೆ ಸಿಗುವುದು ಪುಸ್ತಕದ ಅರ್ಧ. ಉಳಿದರ್ಧವನ್ನು ತಯಾರಕರು ಮುಂಚಿತವಾಗಿ ಊಹಿಸಿ ಬರೆದಿಡಬೇಕು.

ಮೊದಲ ಪ್ರಯತ್ನಗಳು

ಡಿ ಅಂಡ್ ಡಿ ಬಂದ ಮರುವರ್ಷವೇ, 1975ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಪ್ಲೇಟೊ ಎಂಬ ಶೈಕ್ಷಣಿಕ ಕಂಪ್ಯೂಟರ್ ಜಾಲದಲ್ಲಿ ‘ಪೆಡಿಟ್5’ ಮತ್ತು ‘ಡಿಎನ್‌ಡಿ’ ಎಂಬ ಆಟಗಳು ಕಾಣಿಸಿಕೊಂಡವು. ಪೆಡಿಟ್5 ಎಂಬುದು ಪಾಠದ ಕಡತಕ್ಕೆ ಇಡುವಂಥ ಹೆಸರು. ಆಟಕ್ಕೆ ಆ ಜಾಲದಲ್ಲಿ ಮಾನ್ಯತೆ ಇರಲಿಲ್ಲ, ಹಾಗಾಗಿ ಮೇಲ್ವಿಚಾರಕರ ಕಣ್ಣಿಗೆ ಬಿದ್ದಾಗ ಅಳಿಸಿಯೂ ಹೋಯಿತು. ನೆಲಮಾಳಿಗೆ, ರಾಕ್ಷಸರು, ನಿಧಿ, ಅನುಭವದೊಂದಿಗೆ ಏರುವ ಲೆವೆಲ್ ಇವಿಷ್ಟನ್ನು ಮೂಲದಿಂದ ತಂದ ಈ ಆಟಗಳಲ್ಲಿ ಮಾತಿಗೂ ಪಾತ್ರಕ್ಕೂ ಎಡೆಯಿರಲಿಲ್ಲ. 1981ರ ವಿಜಾರ್ಡ್ರಿ ಮತ್ತು ಅಲ್ಟಿಮಾ ಅದೇ ಹಾದಿಯಲ್ಲಿ ಬೆಳೆದು ಮನೆ ಕಂಪ್ಯೂಟರುಗಳಿಗೆ ಬಂದವು. ಜಪಾನಿನ ಫೈನಲ್ ಫ್ಯಾಂಟಸಿ (1987) ಲೆವೆಲ್‌ಗೆ ಇಷ್ಟು ಮಂತ್ರ ಎಂಬ ಡಿ ಅಂಡ್ ಡಿ ಕ್ರಮವನ್ನೇ ಬಳಸಿತು. ಇವೆಲ್ಲ ಪರವಾನಗಿಯಿಲ್ಲದ ಎರವಲುಗಳು. ಮೂಲಕ್ಕೆ ನಿಷ್ಠೆ ತೋರುವ ಹೊಣೆ ಇವುಗಳ ಮೇಲಿರಲಿಲ್ಲ. ರೋಲ್‌ಪ್ಲೇ ವಿಡಿಯೊ ಗೇಮ್ ತನ್ನದೇ ದಾರಿ ಹಿಡಿದದ್ದೂ ಇದರಿಂದಲೇ.

ಗೋಲ್ಡ್ ಬಾಕ್ಸ್ ಆಟಗಳು

ಟಿಎಸ್‌ಆರ್‌ನಿಂದ ಪರವಾನಗಿ ಪಡೆದ ಎಸ್‌ಎಸ್‌ಐ ಸಂಸ್ಥೆ 1988ರಲ್ಲಿ ‘ಪೂಲ್ ಆಫ್ ರೇಡಿಯನ್ಸ್’ ಹೊರತಂದಿತು. ಹೊಂಬಣ್ಣದ ಪೆಟ್ಟಿಗೆಯಲ್ಲಿ ಬಂದ ಈ ಸರಣಿಗೆ ಗೋಲ್ಡ್ ಬಾಕ್ಸ್ ಎಂದೇ ಹೆಸರಾಯಿತು. ಎಸ್‌ಎಸ್‌ಐ ಅದುವರೆಗೆ ಯುದ್ಧದಾಟಗಳಿಗೆ ಹೆಸರಾಗಿದ್ದ ಸಂಸ್ಥೆ. ಹಾಗಾಗಿ ಚೌಕಗಳ ಮೇಲೆ ಸರದಿಯಂತೆ ನಡೆಯುವ ಕಾಳಗ ಅದಕ್ಕೆ ಹೊಸದಾಗಿರಲಿಲ್ಲ. ಆರು ಜನರ ತಂಡ, ಬೆನ್ನ ಹಿಂದಿನಿಂದ ಇರಿಯುವ ಕಳ್ಳ, ಸ್ನೇಹಿತರನ್ನೂ ಸುಡಬಲ್ಲ ಬೆಂಕಿಯುಂಡೆ, ಮನುಷ್ಯೇತರ ಕುಲಗಳಿಗೆ ಲೆವೆಲ್ ಮಿತಿ, ಎಲ್ಲವೂ ಡಿ ಅಂಡ್ ಡಿಯ ವಿಸ್ತೃತ ರೂಪವಾದ ಅಡ್ವಾನ್ಸ್ಡ್ ಡಿ ಅಂಡ್ ಡಿ ಪುಸ್ತಕದಿಂದಲೇ ಬಂದವು.

ಆಗಿನ ಫ್ಲಾಪಿಗಳಲ್ಲಿ ಉದ್ದನೆಯ ವರ್ಣನೆಗಳಿಗೆ ಜಾಗವಿರಲಿಲ್ಲ. ಪೆಟ್ಟಿಗೆಯೊಳಗೆ ‘ಅಡ್ವೆಂಚರರ್ಸ್ ಜರ್ನಲ್’ ಎಂಬ ಪುಸ್ತಿಕೆ ಇಟ್ಟು, ಇಂಥ ಸಂಖ್ಯೆಯ ಬರಹ ಓದಿ ಎಂದು ಪರದೆಯ ಮೇಲೆ ಸೂಚಿಸುತ್ತಿದ್ದರು. ಆಟದ ಹಾದಿ ಬಿಟ್ಟು ಮುಂದಿನ ಪುಟ ತೆರೆದು ನೋಡುವವರನ್ನು ದಾರಿತಪ್ಪಿಸಲು ಅದರಲ್ಲಿ ಸುಳ್ಳು ಬರಹಗಳನ್ನೂ ಸೇರಿಸಿದ್ದರು. ಗೇಮ್ ಮಾಸ್ಟರ್ ಆಟಗಾರರ ಕೈಗೆ ಹಳೆಯ ಓಲೆಯನ್ನೋ ನಕ್ಷೆಯನ್ನೋ ಕೊಡುವ ಮೇಜಿನ ರೂಢಿ ಹೀಗೆ ಅಚ್ಚಿನ ರೂಪದಲ್ಲಿ ಉಳಿಯಿತು.

ನಿಯಮವನ್ನು ಚಾಚೂತಪ್ಪದೆ ಪಾಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಈ ಆಟದಲ್ಲೇ ಸ್ಪಷ್ಟ ಉದಾಹರಣೆಯಿದೆ. ಅಡ್ವಾನ್ಸ್ಡ್ ಡಿ ಅಂಡ್ ಡಿಯಲ್ಲಿ ಮಂತ್ರವನ್ನು ಮೊದಲೇ ಮನನ ಮಾಡಿಟ್ಟುಕೊಳ್ಳಬೇಕು, ಒಮ್ಮೆ ಪ್ರಯೋಗಿಸಿದರೆ ಅದು ನೆನಪಿನಿಂದ ಹೋಗುತ್ತದೆ. ಜ್ಯಾಕ್ ವ್ಯಾನ್ಸ್ ಎಂಬ ಅಮೆರಿಕನ್ ಕಾದಂಬರಿಕಾರನ ಕಥೆಗಳಿಂದ ಗೈಗ್ಯಾಕ್ಸ್ ಪಡೆದ ಕಲ್ಪನೆ ಇದು. ಕಾಳಗ ಮುಗಿದ ಮೇಲೆ ತಂಡದ ಗಾಯ ಮಾಯಬೇಕಾದರೆ ಪೂಲ್ ಆಫ್ ರೇಡಿಯನ್ಸ್ ಆಟಗಾರ ಬಿಡಾರ ಹೂಡಬೇಕು. ಪುರೋಹಿತನಿಗೆ ಗಾಯ ಮಾಯಿಸುವ ಮಂತ್ರಗಳನ್ನು ಒಂದೊಂದಾಗಿ ಆರಿಸಿಕೊಡಬೇಕು. ಆತ ವಿಶ್ರಮಿಸಿ ಮನನ ಮಾಡಿದ ಮೇಲೆ ಒಬ್ಬೊಬ್ಬರ ಮೇಲೂ ಪ್ರಯೋಗಿಸಬೇಕು. ಗಾಯ ಉಳಿದಿದ್ದರೆ ಪುನಃ ಮೊದಲಿನಿಂದ. ಮೇಜಿನ ಮೇಲಾದರೆ ‘ಮೂರು ದಿನ ಸುಧಾರಿಸಿಕೊಂಡೆವು’ ಎಂಬ ಒಂದು ಮಾತು ಸಾಕಿತ್ತು. ಮುಂದಿನ ಆಟವಾದ ‘ಕರ್ಸ್ ಆಫ್ ದಿ ಅಜ್ಯೂರ್ ಬಾಂಡ್ಸ್’ (1989) ‘ಫಿಕ್ಸ್’ ಎಂಬ ಒಂದೇ ಆಜ್ಞೆಯಲ್ಲಿ ಇದನ್ನೆಲ್ಲ ಮುಗಿಸಿತು. ನಿಯಮ ಬದಲಾಗಲಿಲ್ಲ, ಗಂಟೆಗಳ ಲೆಕ್ಕವೂ ತಪ್ಪಲಿಲ್ಲ. ಆಟಗಾರ ಏನನ್ನೂ ತೀರ್ಮಾನಿಸಬೇಕಿಲ್ಲದ ಕಡೆ ಆತನಿಂದ ಕೆಲಸ ತೆಗೆಯುವುದನ್ನು ಮಾತ್ರ ನಿಲ್ಲಿಸಿತು. ಸಣ್ಣದೆಂದು ಕಾಣುವ ಈ ತಿದ್ದುಪಡಿ ಇಡೀ ಕಸುಬಿಗೆ ಒಳ್ಳೆಯ ಮಾದರಿ.

ಸರದಿಯೋ ಹರಿಯುವ ಕಾಲವೋ

ಮೇಜಿನ ಕಾಳಗ ಸರದಿಯದು: ಒಬ್ಬರಾದ ಮೇಲೆ ಒಬ್ಬರು. 1990ರ ದಶಕದಲ್ಲಿ ಕಂಪ್ಯೂಟರ್ ಆಟಗಾರರು ಓಡುವ ಕಾಲಕ್ಕೆ ಒಗ್ಗಿಹೋಗಿದ್ದರು. ಕೆನಡಾದ ಎಡ್ಮಂಟನ್ನಿನಲ್ಲಿ ವೈದ್ಯರಾದ ರೇ ಮುಜೈಕಾ, ಗ್ರೆಗ್ ಜೆಸ್ಚುಕ್ ಮೊದಲಾದವರು ಕಟ್ಟಿದ ಬಯೋವೇರ್ ಸಂಸ್ಥೆ ‘ಬಾಲ್ಡರ್ಸ್ ಗೇಟ್’ (1998) ಆಟದಲ್ಲಿ ಎರಡನ್ನೂ ಬೆಸೆಯಿತು. ಕಾಲ ಹರಿಯುತ್ತಿರುತ್ತದೆ, ಸ್ಪೇಸ್ ಬಾರ್ ಒತ್ತಿದರೆ ನಿಲ್ಲುತ್ತದೆ, ಆಜ್ಞೆ ಕೊಟ್ಟು ಮತ್ತೆ ಬಿಡಬಹುದು. ಒಳಗೆ ಮಾತ್ರ ಸುತ್ತುಗಳ ಎಣಿಕೆ ನಡೆದೇ ಇರುತ್ತದೆ. ಆಟಕ್ಕೆ ಆಧಾರವಾದ ಅಡ್ವಾನ್ಸ್ಡ್ ಡಿ ಅಂಡ್ ಡಿ ಎರಡನೇ ಆವೃತ್ತಿಯ ಪುಸ್ತಕದಲ್ಲಿ ಒಂದು ಸುತ್ತು ಒಂದು ನಿಮಿಷ. ಆಟದಲ್ಲಿ ಅದನ್ನು 6 ಸೆಕೆಂಡಿಗೆ ಇಳಿಸಿದರು. ಪ್ರತಿ ಪಾತ್ರದ ಸುತ್ತು ಬೇರೆಬೇರೆಯಾಗಿ ಓಡುತ್ತದೆ. ಪುಸ್ತಕದಲ್ಲಿ ಮಂತ್ರಕ್ಕೆ ತಗಲುವ ಕಾಲವನ್ನು 1ರಿಂದ 9ರವರೆಗಿನ ಅಂಕಿಯಿಂದ ಸೂಚಿಸಿದ್ದರು. ಯಾರು ಮೊದಲು ಎಂದು ನಿರ್ಧರಿಸುವ ಹತ್ತು ಮುಖದ ದಾಳಕ್ಕೆ ಆ ಅಂಕಿಯನ್ನು ಕೂಡಿಸುತ್ತಿದ್ದರು. ಬಯೋವೇರ್ ಅದನ್ನೇ ಸುತ್ತಿನ ಹತ್ತರಲ್ಲೊಂದು ಭಾಗ ಎಂದು ತಿರುಗಿಸಿಕೊಂಡಿತು. 3 ಎಂಬ ಅಂಕಿಯ ಮಂತ್ರಕ್ಕೆ ಸುಮಾರು 1.8 ಸೆಕೆಂಡು. ಮಂತ್ರ ಮುಗಿಯುವ ಮೊದಲು ಮಂತ್ರವಾದಿಗೆ ಬಾಣ ತಗುಲಿದರೆ ಮಂತ್ರ ಕೆಡುತ್ತದೆ. ಪುಸ್ತಕದಲ್ಲಿ ಬರಿಯ ಅಂಕಿಯಾಗಿದ್ದ ಅಪಾಯ ಇಲ್ಲಿ ಕಣ್ಣೆದುರು ಕಾಣುತ್ತದೆ. ಮೂಲವನ್ನು ಮುರಿದೂ ಅದರ ಸತ್ತ್ವವನ್ನು ಉಳಿಸಿಕೊಂಡ ಅಳವಡಿಕೆಗಳಲ್ಲಿ ಇದಕ್ಕೆ ಸಾಟಿ ಕಡಿಮೆ.

ಕಳೆದುಕೊಂಡದ್ದೂ ಉಂಟು. ಹಳೆಯ ಆವೃತ್ತಿಗಳಲ್ಲಿ ಬೆಂಕಿಯುಂಡೆ ಎಂಬ ಮಂತ್ರ ಸುಮಾರು 33,000 ಘನ ಅಡಿ ಜಾಗವನ್ನು ತುಂಬಿಕೊಳ್ಳುತ್ತದೆ. ಬಯಲಲ್ಲಿ ಅದು 20 ಅಡಿ ತ್ರಿಜ್ಯದ ಗೋಳ. ಹತ್ತಡಿ ಅಗಲ, ಹತ್ತಡಿ ಎತ್ತರದ ಸುರಂಗದಲ್ಲಾದರೆ 330 ಅಡಿ ಉದ್ದಕ್ಕೂ ಹರಿದು, ಎಸೆದವನನ್ನೇ ಸುಡಬಹುದು. ಮೇಜಿನ ಮೇಲೆ ಇದು ಆಟಗಾರರನ್ನು ಕಾಗದದ ಮೇಲೆ ಗುಣಾಕಾರಕ್ಕೆ ಇಳಿಸುತ್ತಿತ್ತು, ಮಂತ್ರ ಬೇಡವೆಂದು ಕತ್ತಿ ಹಿರಿಯುವಂತೆಯೂ ಮಾಡುತ್ತಿತ್ತು. ಬಾಲ್ಡರ್ಸ್ ಗೇಟ್‌ನ ಮೇಲಿನಿಂದ ಕಾಣುವ ಚಿತ್ರಪಟದಲ್ಲಿ ಚಾವಣಿಯ ಎತ್ತರಕ್ಕೆ ಅರ್ಥವಿಲ್ಲ. ಬೆಂಕಿ ಎಲ್ಲೆಡೆ ಒಂದೇ ಅಳತೆಯ ವೃತ್ತವಾಯಿತು. ಗೋಡೆಗೆ ಬಡಿದು ಪುಟಿಯುವ ಸಿಡಿಲಿನ ನಿಯಮವನ್ನು ಮಾತ್ರ ಉಳಿಸಿಕೊಂಡರು. ಇಕ್ಕಟ್ಟಿನ ಕೋಣೆಯಲ್ಲಿ ಅದನ್ನು ಬಳಸಿ ತಮ್ಮ ತಂಡವನ್ನೇ ನೆಲಕ್ಕೊರಗಿಸಿದ ಆಟಗಾರರು ಅಸಂಖ್ಯರು. ಅಳವಡಿಸುವವರಿಗೆ ಎಲ್ಲ ನಿಯಮಗಳೂ ಒಂದೇ ಬೆಲೆಗೆ ಸಿಗುವುದಿಲ್ಲ. ಎಂಜಿನ್ನಿನ ಜ್ಯಾಮಿತಿ ಹೇಗಿದೆಯೋ ಅದರ ಮೇಲೆ ನಿಷ್ಠೆಯ ಖರ್ಚು ನಿಂತಿದೆ.

ಟೆಂಪಲ್ ಆಫ್ ಎಲಿಮೆಂಟಲ್ ಇವಿಲ್

ಪುಸ್ತಕಕ್ಕೆ ಅತಿ ಹತ್ತಿರ ನಿಂತ ಆಟ ಯಾವುದೆಂದರೆ ಬಹುಮಂದಿ ಬೊಟ್ಟುಮಾಡುವುದು ಟ್ರೊಯ್ಕಾ ಸಂಸ್ಥೆಯ ‘ದಿ ಟೆಂಪಲ್ ಆಫ್ ಎಲಿಮೆಂಟಲ್ ಇವಿಲ್’ (2003) ಕಡೆಗೆ. ಗೈಗ್ಯಾಕ್ಸ್ ಮತ್ತು ಫ್ರ್ಯಾಂಕ್ ಮೆಂಟ್ಸರ್ 1985ರಲ್ಲಿ ಪ್ರಕಟಿಸಿದ ಸಾಹಸಕಥನವನ್ನು ಇದು ಡಿ ಅಂಡ್ ಡಿಯ 3.5 ಆವೃತ್ತಿಯ ನಿಯಮಗಳಲ್ಲಿ ಸರದಿಯಾಟವಾಗಿ ತಂದಿತು. ಆ ಆವೃತ್ತಿಯ ಪುಸ್ತಕಗಳು ಬಂದದ್ದು ಅದೇ ವರ್ಷ.

3.5 ಆವೃತ್ತಿಯಲ್ಲಿ ಜಾಗ ಬದಲಿಸುವುದಕ್ಕೆ ಬೆಲೆ ತೆರಬೇಕು. ಶತ್ರುವಿನ ಕೈಯಳತೆಯಿಂದ ಸರಿದು ಹೋದರೆ ಆತನಿಗೆ ಒಂದು ಪುಕ್ಕಟೆ ಹೊಡೆತ. ಐದೇ ಅಡಿ ಸರಿದರೆ ಇಲ್ಲ. ಉದ್ದ ಭರ್ಜಿಯವನಿಗೆ ಕೈಯಳತೆ ಹೆಚ್ಚು. ಶತ್ರು ಎದುರಿಗಿರುವಾಗ ಮಂತ್ರ ಹೇಳಿದರೂ ಹೊಡೆತ. ಎಚ್ಚರದಿಂದ ಹೇಳುವೆನೆಂದರೆ ದಾಳ ಎಸೆದು 15ರ ಜೊತೆಗೆ ಮಂತ್ರದ ದರ್ಜೆಯನ್ನು ಕೂಡಿಸಿದಷ್ಟನ್ನು ಮುಟ್ಟಬೇಕು. ಟ್ರೊಯ್ಕಾ ಇದನ್ನೆಲ್ಲ ತಂದಿತು. ನಿಮ್ಮ ಸರದಿಯನ್ನು ಕಾದಿರಿಸಿ, ಯಾರಾದರೂ ಹತ್ತಿರ ಬಂದರೆ ಹೊಡೆಯುವೆ, ಮಂತ್ರ ಶುರುಮಾಡಿದರೆ ಕೆಡಿಸುವೆ ಎಂದು ಮೊದಲೇ ಗೊತ್ತುಮಾಡುವ ನಿಯಮವನ್ನೂ ಬಿಡಲಿಲ್ಲ. ಪಾತ್ರದ ಸುತ್ತ ಚಕ್ರದಂತೆ ಬಿಚ್ಚಿಕೊಳ್ಳುವ ಮೆನುವಿನಲ್ಲಿ ಇವೆಲ್ಲ ಅಡಗಿದ್ದವು. ಪಾತ್ರ ಸೃಷ್ಟಿಸುವಾಗ ದಾಳವನ್ನು ಎಷ್ಟು ಸಲ ಮರಳಿ ಎಸೆದಿರಿ ಎಂಬುದನ್ನೂ ಆಟ ಎಣಿಸಿ ತೋರಿಸುತ್ತಿತ್ತು.

ಕಾಳಗದ ವಿಷಯದಲ್ಲಿ ಇಷ್ಟು ಶ್ರದ್ಧೆ ತೋರಿದ ಆಟ ಕಥೆಯಲ್ಲಿ ಸೊರಗಿತು. ಮೂಲ ಸಾಹಸಕಥನ ಗೇಮ್ ಮಾಸ್ಟರನ ಕೈಗೆಂದು ಬರೆದದ್ದು. ಹಳ್ಳಿಯ ಜನರ ಪಟ್ಟಿ, ಅವರ ಮನೆ, ಅವರ ಗುಟ್ಟು ಅದರಲ್ಲಿವೆ. ಅವರ ಬಾಯಿಗೆ ಮಾತು ಹಾಕುವ ಹೊಣೆ ಮೇಜಿನ ತಲೆಯಲ್ಲಿ ಕುಳಿತವರದು. ಆ ಹೊಣೆಯನ್ನು ಹೊರಲು ತಯಾರಕರಿಗೆ ಸಮಯ ಸಾಲಲಿಲ್ಲವೆಂಬುದು ಆಟದುದ್ದಕ್ಕೂ ಕಾಣುತ್ತದೆ. ದೋಷಗಳೂ ಹೇರಳವಾಗಿದ್ದವು. 2005ರಲ್ಲಿ ಟ್ರೊಯ್ಕಾ ಮುಚ್ಚಿದ ಮೇಲೆ ‘ಸರ್ಕಲ್ ಆಫ್ ಎಯ್ಟ್’ ಎಂಬ ಅಭಿಮಾನಿಗಳ ಗುಂಪು ವರ್ಷಗಟ್ಟಲೆ ಕುಳಿತು ದೋಷ ತಿದ್ದಿ, ಬಿಟ್ಟುಹೋದುದನ್ನು ಸೇರಿಸಿ, ಆಟವನ್ನು ಬದುಕಿಸಿಕೊಂಡಿತು. ಅವರ ಶ್ರಮವಿಲ್ಲದಿದ್ದರೆ ಈ ಆಟದ ಹೆಸರು ಇಲ್ಲಿ ಬರುತ್ತಿತ್ತೋ ಇಲ್ಲವೋ.

ನಡುವೆ ಬಾಯಿಹಾಕುವ ನಿಯಮಗಳು

2014ರಲ್ಲಿ ಬಂದ ಡಿ ಅಂಡ್ ಡಿಯ ಐದನೇ ಆವೃತ್ತಿಯಲ್ಲಿ ಇನ್ನೊಬ್ಬರ ಸರದಿಯ ನಡುವೆ ಮಾಡಬಹುದಾದ ಕ್ರಿಯೆಗಳಿವೆ. ‘ಶೀಲ್ಡ್’ ಎಂಬ ಮಂತ್ರವನ್ನು ನೋಡಿ. ಶತ್ರು ದಾಳ ಎಸೆದ; ಹದಿನೆಂಟು ಬಿತ್ತು; ನಿಮ್ಮ ರಕ್ಷಣೆ ಹದಿನೈದು; ಹೊಡೆತ ತಗುಲಬೇಕು. ಅಷ್ಟರಲ್ಲಿ ಮಂತ್ರವಾದಿ ‘ಶೀಲ್ಡ್’ ಎಂದ. ರಕ್ಷಣೆ ಐದು ಏರಿ ಇಪ್ಪತ್ತಾಯಿತು, ಹೊಡೆತ ತಪ್ಪಿತು. ಮೇಜಿನ ಮೇಲೆ ಇದಕ್ಕೆ ಬೇಕಾದದ್ದು ಅರೆ ಕ್ಷಣ, ಒಂದು ಮಾತು. ಕಂಪ್ಯೂಟರಿನಲ್ಲಿ ಆಟವೇ ನಿಂತು ‘ಬಳಸುತ್ತೀರಾ?’ ಎಂದು ಕೇಳಬೇಕು. ಪ್ರತಿ ಹೊಡೆತಕ್ಕೂ ಕೇಳಿದರೆ ಕಾಳಗ ಕುಂಟುತ್ತದೆ. ಕೇಳದೆ ತಾನೇ ಬಳಸಿದರೆ ಇರುವ ಮಂತ್ರಶಕ್ತಿಯನ್ನು ಸಣ್ಣ ಏಟಿಗೆ ಸುರಿದುಬಿಡುತ್ತದೆ; ಯಾವ ಏಟನ್ನು ಸಹಿಸಬೇಕು, ಯಾವುದನ್ನು ತಡೆಯಬೇಕು ಎಂಬ ಆಯ್ಕೆಯೇ ಈ ಮಂತ್ರದ ಜೀವಾಳ.

ಪ್ಯಾರಿಸ್ಸಿನ ಟ್ಯಾಕ್ಟಿಕಲ್ ಅಡ್ವೆಂಚರ್ಸ್ ಸಂಸ್ಥೆಯ ‘ಸೊಲಾಸ್ಟಾ: ಕ್ರೌನ್ ಆಫ್ ದಿ ಮ್ಯಾಜಿಸ್ಟರ್’ (2021) ನಿಲ್ಲಿಸಿ ಕೇಳುವ ದಾರಿ ಹಿಡಿಯಿತು. ಬೆಲ್ಜಿಯಂನ ಗೆಂಟ್ ನಗರದ ಲೇರಿಯನ್ ಸ್ಟುಡಿಯೋಸ್ ‘ಬಾಲ್ಡರ್ಸ್ ಗೇಟ್ 3’ ಆಟವನ್ನು 2020ರ ಅಕ್ಟೋಬರಿನಲ್ಲಿ ಅಪೂರ್ಣ ರೂಪದಲ್ಲೇ ಆಟಗಾರರ ಮುಂದಿಟ್ಟಾಗ ಈ ಕ್ರಿಯೆಗಳು ತಂತಾನೇ ನಡೆಯುತ್ತಿದ್ದವು. ಆಟಗಾರರು ಒಪ್ಪಲಿಲ್ಲ. 2023ರ ಆಗಸ್ಟಿನಲ್ಲಿ ಪೂರ್ಣ ರೂಪ ಬಂದಾಗ ಕೇಳುವ ವ್ಯವಸ್ಥೆ ಬಂದಿತ್ತು. ಬೇಡವಾದವರು ತಂತಾನೇ ನಡೆಯುವಂತೆ ಇಟ್ಟುಕೊಳ್ಳಬಹುದು. ಎತ್ತರದಲ್ಲಿ ನಿಂತವರಿಗೆ ಎರಡು ದಾಳ ಎಸೆದು ಹೆಚ್ಚಿನದನ್ನು ಪಡೆಯುವ ಅನುಕೂಲವನ್ನು ಲೇರಿಯನ್ ಮೊದಲು ಕೊಟ್ಟಿತ್ತು. ಅರ್ಧಕ್ಕರ್ಧ ತಗುಲುವ ಏಟನ್ನು ಇದು ನೂರಕ್ಕೆ 75ಕ್ಕೆ ಏರಿಸುತ್ತದೆ. ಎಲ್ಲರೂ ಏಣಿ ಹುಡುಕುವುದೇ ಕಾಳಗವಾದಾಗ ಅದನ್ನು ಬರೀ ಎರಡು ಅಂಕಗಳ ಲಾಭಕ್ಕೆ ಇಳಿಸಿದರು. ಸೊಲಾಸ್ಟಾದಲ್ಲಿ ಉಳಿದ, ಸರದಿ ಕಾದಿರಿಸುವ ನಿಯಮ ಬಾಲ್ಡರ್ಸ್ ಗೇಟ್ 3ರಲ್ಲಿ ಇಲ್ಲ. ಎದುರಾಳಿಯನ್ನು ಹಿಡಿದು ಅಲುಗಾಡದಂತೆ ಮಾಡುವ ಹಿಡಿತದ ನಿಯಮವೂ ಇಲ್ಲ. ಬದಲಿಗೆ ನೂಕುವುದು ಅಗ್ಗವಾಗಿದೆ: ಪುಸ್ತಕದಲ್ಲಿ ಅದು ಮುಖ್ಯ ಕ್ರಿಯೆಯ ಭಾಗ, ಇಲ್ಲಿ ಉಪಕ್ರಿಯೆ. ಬಂಡೆಯಂಚುಗಳನ್ನೂ ಮೆಟ್ಟಿಲುಗಳನ್ನೂ ಧಾರಾಳವಾಗಿ ಕಟ್ಟಿದ ಆಟಕ್ಕೆ ಅದು ಹೊಂದುತ್ತದೆ.

ದಾಳದ ನ್ಯಾಯ, ವಿಶ್ರಾಂತಿಯ ಬೆಲೆ

ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಮುಖಕ್ಕೂ ನೂರಕ್ಕೆ 5 ಅವಕಾಶ. ಆರು ಮುಖದ ಮೂರು ದಾಳಗಳಲ್ಲಿ 18 ಬೀಳುವುದು 216ಕ್ಕೆ ಒಮ್ಮೆ. ಮೇಜಿನ ಮೇಲೆ ಎಲ್ಲರ ಎದುರು ಎಸೆದ ದಾಳವನ್ನು ಹಿಂದಕ್ಕೆ ಪಡೆಯುವಂತಿಲ್ಲ. ಬಾಲ್ಡರ್ಸ್ ಗೇಟ್‌ನಲ್ಲಿ ಪಾತ್ರ ಸೃಷ್ಟಿಸುವಾಗ ಮರಳಿ ಎಸೆಯುವ ಗುಂಡಿಯಿತ್ತು, ಒಳ್ಳೆಯ ಅಂಕಿ ಬಂದರೆ ಎತ್ತಿಟ್ಟುಕೊಳ್ಳುವ ಗುಂಡಿಯೂ ಇತ್ತು. ಸಂಭವನೀಯತೆ ಹೀಗೆ ತಾಳ್ಮೆಯ ಪರೀಕ್ಷೆಯಾಯಿತು. ಆಟವನ್ನು ಉಳಿಸಿ, ಸೋತರೆ ಹಿಂದಿನಿಂದ ಆಡುವ ಅಭ್ಯಾಸ ಇದಕ್ಕಿಂತ ದೊಡ್ಡದು. ಅದಿರುವಾಗ ಪುಸ್ತಕದ ಶತ್ರುಗಳು ಸಪ್ಪೆಯಾಗುತ್ತಾರೆ. ಡಿ ಅಂಡ್ ಡಿಯಿಂದ ಕವಲೊಡೆದ ಪಾತ್‌ಫೈಂಡರ್ ನಿಯಮಗಳನ್ನು ಅಳವಡಿಸಿದ ಔಲ್‌ಕ್ಯಾಟ್ ಸಂಸ್ಥೆಯ ಆಟಗಳು ಎಷ್ಟೋ ಶತ್ರುಗಳಿಗೆ ಪುಸ್ತಕಕ್ಕಿಂತ ಹೆಚ್ಚಿನ ಅಂಕಿಗಳನ್ನು ಕೊಟ್ಟಿದ್ದಕ್ಕೆ ಇದೂ ಕಾರಣ. ಬಾಲ್ಡರ್ಸ್ ಗೇಟ್ 3 ಸತತ ಸೋಲು ಗೆಲುವುಗಳನ್ನು ಸಮತೂಗಿಸುವ ‘ಕಾರ್ಮಿಕ್ ಡೈಸ್’ ಎಂಬ ವ್ಯವಸ್ಥೆಯನ್ನು ಇಟ್ಟು, ಬೇಡವೆಂದವರಿಗೆ ಅದನ್ನು ನಿಲ್ಲಿಸುವ ಸೌಲಭ್ಯ ಕೊಟ್ಟಿತು. ಅದೇ ಆಟದಲ್ಲಿ ಮಾತಿನ ನಡುವೆ ಕೌಶಲ ಪರೀಕ್ಷೆ ಬಂದಾಗ ದಾಳ ಪರದೆಯ ತುಂಬ ಉರುಳುತ್ತದೆ. ಹಿಂದಿನ ಆಟಗಳು ಮೂಲೆಯ ಪಟ್ಟಿಯಲ್ಲಿ ಬಚ್ಚಿಟ್ಟಿದ್ದ ಎಸೆತವನ್ನು ಹೀಗೆ ಎಲ್ಲರ ಮುಂದಿಟ್ಟದ್ದು, ಮೇಜಿನ ಉಸಿರು ಬಿಗಿಹಿಡಿದ ಗಳಿಗೆಯನ್ನು ಪರದೆಗೆ ತಂದಿತು.

ವಿಶ್ರಾಂತಿ ಇನ್ನೊಂದು ಒಳಸುಳಿ. ಪುಸ್ತಕದಲ್ಲಿ ಮಂತ್ರಗಳ ಮಿತಿ ದಿನದ ಲೆಕ್ಕದ್ದು. ದಿನವಿಡೀ ಹಲವು ಕಾಳಗಗಳಿದ್ದರೆ ಮಾತ್ರ ಉಳಿಸಿ ಬಳಸುವ ಜಾಣ್ಮೆಗೆ ಬೆಲೆ. ಆಟಗಾರ ಪ್ರತಿ ಕಾಳಗದ ಬಳಿಕ ಮಲಗಿದರೆ ಇಡೀ ವ್ಯವಸ್ಥೆ ಕುಸಿಯುತ್ತದೆ. ಮನುಷ್ಯ ಗೇಮ್ ಮಾಸ್ಟರ್ ‘ನೀವು ಮಲಗಿದಾಗ ಖೈದಿಯನ್ನು ಗಲ್ಲಿಗೇರಿಸಿದರು’ ಎಂದು ಹೇಳಿ ಪಾಠ ಕಲಿಸಬಲ್ಲರು. ಸೊಲಾಸ್ಟಾ ಗೊತ್ತಾದ ಬಿಡಾರಗಳಲ್ಲಿ ಮಾತ್ರ ಮಲಗಗೊಟ್ಟಿತು. ಬಾಲ್ಡರ್ಸ್ ಗೇಟ್ 3 ರಾತ್ರಿಯ ವಿಶ್ರಾಂತಿಗೆ 40 ಪಾಲು ಆಹಾರ ಕೇಳುತ್ತದೆ; ಆದರೆ ಆಹಾರ ದಂಡಿಯಾಗಿ ಸಿಗುವುದರಿಂದ ಈ ಕಟ್ಟು ಸಡಿಲ. ‘ಪಾತ್‌ಫೈಂಡರ್: ಕಿಂಗ್‌ಮೇಕರ್’ (2018) ಕ್ಯಾಲೆಂಡರ್ ಇಟ್ಟು, ಗಡುವಿನೊಳಗೆ ಮುಗಿಸದಿದ್ದರೆ ರಾಜ್ಯವೇ ಹಾಳಾಗುವಂತೆ ಮಾಡಿತು. ಬಹುಮಂದಿ ಅದನ್ನು ದೂರಿದರು. ಆದರೂ ಮೂಲ ನಿಯಮದ ಉದ್ದೇಶಕ್ಕೆ ಮೂರರಲ್ಲಿ ಹತ್ತಿರದ್ದು ಅದೇ.

ಡಿ ಅಂಡ್ ಡಿ ಆಚೆಗೆ

ಜರ್ಮನಿಯಲ್ಲಿ 1984ರಿಂದ ಬೆಳೆದ ‘ದಾಸ್ ಶ್ವಾರ್ತ್ಸ ಔಗ’ ಆಟದಲ್ಲಿ ಒಂದು ಕೌಶಲಕ್ಕೆ ಇಪ್ಪತ್ತು ಮುಖದ ಮೂರು ದಾಳಗಳನ್ನು ಮೂರು ಗುಣಗಳ ಎದುರು ಎಸೆಯುತ್ತಾರೆ. 1992ರ ‘ಡಿ ಶಿಕ್ಸಾಲ್ಸ್‌ಕ್ಲಿಂಗ’ ಎಂಬ ಕಂಪ್ಯೂಟರ್ ಆಟ ಇದನ್ನೂ, ಅತಿಯಾಸೆ, ಎತ್ತರದ ಭಯ ಮೊದಲಾದ ದುರ್ಗುಣಗಳ ಅಂಕಿಗಳನ್ನೂ, ಸವೆಯುವ ಪಾದರಕ್ಷೆಗಳನ್ನೂ ಬಿಡದೆ ತಂದಿತು. ದಾಳಗಳು ಕಾಣದೆ, ಸೋಲು ಮಾತ್ರ ಕಂಡಾಗ ಇಂಥ ನಯವಾದ ನಿಯಮ ಆಟಗಾರನಿಗೆ ಬರೀ ದುರದೃಷ್ಟದಂತೆ ತೋರುತ್ತದೆ. ‘ಫಾಲ್‌ಔಟ್’ (1997) ಸ್ಟೀವ್ ಜ್ಯಾಕ್ಸನ್ ಗೇಮ್ಸ್ ಸಂಸ್ಥೆಯ ಗರ್ಪ್ಸ್ ನಿಯಮಾವಳಿಯ ಮೇಲೆ ಶುರುವಾದದ್ದು. ಒಪ್ಪಂದ ಮುರಿದುಬಿದ್ದಾಗ ತಯಾರಕರು ಏಳು ಗುಣಗಳ ‘ಸ್ಪೆಷಲ್’ ಎಂಬ ತಮ್ಮದೇ ವ್ಯವಸ್ಥೆಯನ್ನು ತರಾತುರಿಯಲ್ಲಿ ಕಟ್ಟಿಕೊಂಡರು. ಗರ್ಪ್ಸ್‌ನ ಹೆಸರು ಹೋದರೂ, ಪಾತ್ರವನ್ನು ಗುಣ, ಕೌಶಲ, ವಿಶೇಷ ಲಕ್ಷಣಗಳಿಂದ ಕಟ್ಟುವ ಮತ್ತು ಬುದ್ಧಿ ಕಡಿಮೆಯಿದ್ದರೆ ಮಾತೇ ಬದಲಾಗುವ ಅದರ ಮನೋಧರ್ಮ ಉಳಿಯಿತು. ಅಕ್ಷರಶಃ ಅನುಸರಿಸಿದ ಎಷ್ಟೋ ಆಟಗಳಿಗಿಂತ ಇದು ಮೇಜಿಗೆ ಹತ್ತಿರ.

ಪರವಾನಗಿಯೂ ನಿಷ್ಠೆಯ ಗಡಿ ಹಾಕುತ್ತದೆ. 1997ರಲ್ಲಿ ಟಿಎಸ್‌ಆರ್ ಅನ್ನು ಕೊಂಡ ವಿಜಾರ್ಡ್ಸ್ ಆಫ್ ದಿ ಕೋಸ್ಟ್ 2000ದಲ್ಲಿ ನಿಯಮಗಳ ತಿರುಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟಿತು; ಪಾತ್‌ಫೈಂಡರ್ ಹುಟ್ಟಿದ್ದು ಅದರಿಂದ. ಸೊಲಾಸ್ಟಾಕ್ಕೆ ದೊರೆತದ್ದು ಐದನೇ ಆವೃತ್ತಿಯ ಇಂಥದೇ ತಿರುಳು ಮಾತ್ರ. ತಿರುಳಿನಲ್ಲಿ ಪ್ರತಿ ವರ್ಗಕ್ಕೆ ಒಂದೇ ಉಪವರ್ಗವಿದ್ದುದರಿಂದ ಉಳಿದವನ್ನು ಅವರೇ ಹೆಣೆದರು.

ಬರೆದು ಮುಗಿಯದ ಮಂತ್ರಗಳು

ತೀರ್ಪುಗಾರನನ್ನೇ ವಾಪಸು ಕರೆಸುವ ಪ್ರಯತ್ನಗಳೂ ನಡೆದಿವೆ. ‘ವ್ಯಾಂಪೈರ್: ದಿ ಮಾಸ್ಕರೇಡ್ – ರಿಡೆಂಪ್ಷನ್’ (2000) ಮತ್ತು ‘ನೆವರ್‌ವಿಂಟರ್ ನೈಟ್ಸ್’ (2002) ಒಬ್ಬ ಆಟಗಾರನಿಗೆ ಕಥೆ ನಡೆಸುವ ಅಧಿಕಾರ ಕೊಟ್ಟವು. ನೆವರ್‌ವಿಂಟರ್‌ನಲ್ಲಿ ಆತ ರಾಕ್ಷಸನ ಮೈಹೊಕ್ಕು ಮಾತಾಡಬಹುದು, ಶತ್ರುಗಳನ್ನು ಆಗಲೇ ಇಳಿಸಬಹುದು. ಆಟಗಾರರೇ ನಡೆಸಿದ ಇದರ ಕೆಲವು ಸರ್ವರುಗಳು ಹಲವು ವರ್ಷ ಬಾಳಿದವು.

ಒಬ್ಬರೇ ಆಡುವ ಆಟಕ್ಕೆ ಆ ದಾರಿಯಿಲ್ಲ. ಸತ್ತವರೊಡನೆ ಮಾತಾಡುವ ಮಂತ್ರಕ್ಕೆ ಪುಸ್ತಕ ಐದು ಪ್ರಶ್ನೆಗಳ ಮಿತಿ ಹಾಕುತ್ತದೆ, ಪ್ರಶ್ನೆ ಯಾವುದೆಂದು ಹೇಳುವುದಿಲ್ಲ. ಬಾಲ್ಡರ್ಸ್ ಗೇಟ್ 3 ಐದರ ಮಿತಿ ಉಳಿಸಿಕೊಂಡು, ಪ್ರಶ್ನೆಗಳನ್ನು ಪಟ್ಟಿಮಾಡಿ, ಮಾತಾಡುವ ಹೆಣಗಳಿಗೆಲ್ಲ ನಟರಿಂದ ದನಿ ಕೊಡಿಸಿತು. ಉಳಿದ ಹೆಣಗಳು ಉತ್ತರಿಸುವುದಿಲ್ಲ. ಪ್ರಾಣಿಗಳೊಡನೆ ಮಾತಾಡುವ ಮಂತ್ರಕ್ಕೂ ಇದೇ ದುಡಿಮೆ: ಅಳಿಲು, ಎತ್ತು, ಇಲಿಗಳಿಗೂ ಬರೆದ ಮಾತುಗಳಿವೆ. ಇಂಥ ದುಡಿಮೆಗೂ ಮಿತಿಯಿದೆ: ಪುಸ್ತಕದಲ್ಲಿ 20 ಲೆವೆಲ್‌ಗಳಿದ್ದರೂ ಆಟ 12ಕ್ಕೆ ನಿಲ್ಲುತ್ತದೆ. 13ನೇ ಲೆವೆಲ್‌ನಲ್ಲಿ ಏಳನೇ ದರ್ಜೆಯ ಮಂತ್ರಗಳು ತೆರೆದುಕೊಳ್ಳುತ್ತವೆ. ಬೇರೆ ಲೋಕಗಳಿಗೆ ಹಾರುವುದು, ಸತ್ತು ಬಹುಕಾಲವಾದವರನ್ನು ಎಬ್ಬಿಸುವುದು ಅಲ್ಲಿಂದ ಶುರು. ಕೊನೆಗೆ 17ನೇ ಲೆವೆಲ್‌ನ ‘ವಿಶ್’ ಮಂತ್ರದಲ್ಲಿ ಆಟಗಾರ ಬಯಸಿದ್ದನ್ನು ಬಾಯಿಬಿಟ್ಟು ಹೇಳುತ್ತಾನೆ, ಅದು ಎಷ್ಟರ ಮಟ್ಟಿಗೆ ನಡೆಯಿತು ಎಂಬುದನ್ನು ಗೇಮ್ ಮಾಸ್ಟರ್ ಹೇಳುತ್ತಾರೆ.